ಎಡದಲ್ಲಿ ಉಪ್ಪು, ಕೆಳಗೆ ಕಮಾಂಡ್ ಲೈನ್

ನಕ್ಷೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಒಮ್ಮೊಮ್ಮೆ ನನ್ನನ್ನು ನೋಡಲು ಬರುವುದುಂಟು. ನಿವೃತ್ತನಾದವನು ಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ, ಕೇಳಿದರೆ ಏನಾದರೂ ಹೇಳಿಯಾನು ಎಂಬ ನಂಬಿಕೆ ಅವರದು. "ಸರ್, ನಿಮಗೆ ಪ್ರಮೋಷನ್ ಎಲ್ಲ ಹೇಗೆ ಆಯಿತು?" ಎಂದು ಶುರುಮಾಡುತ್ತಾರೆ. ನಾನು ಡ್ರಾಫ್ಟ್ಸ್‌ಮನ್ ಆಗಿ ಸೇರಿದವನು, ಡ್ರಾಫ್ಟ್ಸ್‌ಮನ್ ಆಗಿಯೇ ಹೊರಬಂದವನು. ಆ ವಿಷಯ ಅಲ್ಲಿಗೆ ಮುಗಿಯಿತು. ಹೇಳುವುದಿದ್ದರೆ ನಾನು ಕೂರುತ್ತಿದ್ದ ಕುರ್ಚಿಯ ಬಗ್ಗೆ ಹೇಳಬೇಕು. ಅದು ಒಂದು ಮಳೆಗಾಲದಲ್ಲಿ ನನ್ನ ಕೈತಪ್ಪಿ ಹೋಗುವುದರಲ್ಲಿತ್ತು.

ಉಡುಪಿ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಶೆಣೈ ಎಂಬ ಸಿವಿಲ್ ಎಂಜಿನಿಯರ್ ಅದರ ಯಜಮಾನರು. ಕಾಪುವಿನಿಂದ ಕಾರ್ಕಳದವರೆಗೆ ಯಾರು ಮನೆ ಕಟ್ಟಿದರೂ, ಅಂಗಡಿ ಎಬ್ಬಿಸಿದರೂ ಸಾಮಾನ್ಯವಾಗಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಶೆಣೈಯವರು ಲೆಕ್ಕ ಹಾಕುತ್ತಿದ್ದರು, ನಾನು ಬರೆಯುತ್ತಿದ್ದೆ. ಎದೆಯ ಎತ್ತರಕ್ಕೆ ಓರೆಯಾಗಿ ನಿಲ್ಲಿಸಿದ ದೊಡ್ಡ ಬೋರ್ಡು, ಅದರ ಮೇಲೆ ಅಂಟಿಸಿದ ಟ್ರೇಸಿಂಗ್ ಹಾಳೆ, ಕೈಯಲ್ಲಿ ಶಾಯಿ ಪೆನ್ನು. ನಮ್ಮೂರಿನ ಸೆಕೆಯಲ್ಲಿ ಮೊಣಕೈಯ ಬೆವರು ಹಾಳೆಗೆ ತಾಗಿದರೆ ಅರ್ಧ ದಿನದ ಕೆಲಸ ಕಲಸಿ ಹೋಗುತ್ತಿತ್ತು. ಅದಕ್ಕೆ ತೋಳಿನ ಕೆಳಗೆ ಒಂದು ಬೈರಾಸು ಟವೆಲು ಮಡಚಿ ಇಟ್ಟುಕೊಳ್ಳುತ್ತಿದ್ದೆ. ಮಳೆಗಾಲ ಬಂತೆಂದರೆ ಹಾಳೆ ತೇವ ಕುಡಿದು ಹಪ್ಪಳದಂತೆ ಉಬ್ಬುತ್ತಿತ್ತು. ಗೆರೆ ತಪ್ಪಿದರೆ ಶೇವಿಂಗ್ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಒಂದೇ ಜಾಗದಲ್ಲಿ ಎರಡು ಸಲ ಕೆರೆದರೆ ತೂತು. ಮನೆ ಕಟ್ಟಿಸುವವರು ಮನಸ್ಸು ಬದಲಾಯಿಸುವುದು ಯಾವಾಗಲೂ ಎರಡನೇ ಸಲ ಕೆರೆಯಬೇಕಾದ ಜಾಗದಲ್ಲಿಯೇ.

ಇಷ್ಟಾದರೂ ನನಗೆ ಆ ಬೋರ್ಡಿನ ಮೇಲೆ ಪ್ರಾಣ. ಖಾಲಿ ಹಾಳೆಯಲ್ಲಿ ಒಂದು ಮನೆ ಎದ್ದು ನಿಲ್ಲುವುದನ್ನು ನೋಡುವ ಸುಖ ಬೇರೆ ಯಾವ ಕೆಲಸದಲ್ಲಿಯೂ ನನಗೆ ಸಿಕ್ಕಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಶುರುವಾಗುವ ಹೊತ್ತಿಗೆ ಶೆಣೈಯವರು ಕಂಪ್ಯೂಟರ್ ತರಿಸಿದರು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂದು ಹೊಸ ನಿಯಮ ಬಂತು. ಕಂಪ್ಯೂಟರಿನ ಮುಂದೆ ಕೂರಲೆಂದು ಚಕ್ರ ಇರುವ, ಕೈ ಇಡಲು ಜಾಗವಿರುವ ಒಂದು ಕುರ್ಚಿಯೂ ಬಂತು. ನಾನು ಅಷ್ಟು ವರ್ಷ ನಿಂತುಕೊಂಡೇ ಕೆಲಸ ಮಾಡಿದವನು. ಕುರ್ಚಿಯನ್ನು ಒಮ್ಮೆ ಸುತ್ತಿಸಿ ನೋಡಿದೆ.

ಶೆಣೈಯವರು ನನ್ನನ್ನು ಕರೆದು ಹೇಳಿದರು: "ರಾಯರೇ, ಇನ್ನು ಬೋರ್ಡು ಸಾಕು. ಗಲ್ಫಿನಲ್ಲಿ ಇರುವವರೆಲ್ಲ ಕಂಪ್ಯೂಟರ್ ನಕ್ಷೆಯೇ ಬೇಕು ಅನ್ನುತ್ತಾರೆ. ಮಳೆಗಾಲ ಮುಗಿದು ಕಟ್ಟುವ ಕೆಲಸ ಶುರುವಾಗುವುದರೊಳಗೆ ನೀವು ಇದನ್ನು ಕಲಿತರೆ ಆ ಕುರ್ಚಿ ನಿಮ್ಮದು. ಆಗದಿದ್ದರೆ ಮಣಿಪಾಲದಿಂದ ಯಾರನ್ನಾದರೂ ಕರೆಸ್ತೇನೆ, ನೀವು ಸೈಟು ನೋಡಿಕೊಳ್ಳಿ. ಸಂಬಳಕ್ಕೆ ಎಂತ ತೊಂದರೆಯೂ ಇಲ್ಲ."

ಸಂಬಳದ ಚಿಂತೆ ನನಗೆ ಬರಲೇ ಇಲ್ಲ. ಸೈಟು ಎಂದರೆ ಸಿಮೆಂಟ್ ಚೀಲಕ್ಕೆ ಟಾರ್ಪಾಲು ಹೊದೆಸುವುದು, ಜಲ್ಲಿಯ ಲಾರಿಗೆ ಕಾಯುವುದು. ಅದು ಸಣ್ಣ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಗೆರೆ ಎಳೆಯಲಿಕ್ಕೆ ಇಲ್ಲ. ಗೆರೆ ಎಳೆಯದೆ ನಾನು ಎಂತ ಮಾಡುವುದು? ಆ ದಿನ ಸಂಜೆ ಕಾಪುವಿನ ಮನೆಗೆ ಬಸ್ಸಿನಲ್ಲಿ ಹೋಗುವಾಗ, ಕಲಿತೇ ತೀರುವುದು ಎಂದು ನಿಶ್ಚಯಿಸಿದೆ.

ಮಣಿಪಾಲದಲ್ಲಿ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಕಲಿಯುವವರೆಲ್ಲ ಮೀಸೆ ಚಿಗುರದ ಹುಡುಗರು. ಕಲಿಸುವವರು ಲವೀನಾ ಎಂಬ ಹುಡುಗಿ, ಸಂತೆಕಟ್ಟೆಯಿಂದ ಬರುತ್ತಿದ್ದರು. ನಾನು ಅವರನ್ನು ಟೀಚರ್ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಇಬ್ಬರೂ ಸರ್ಕಾರಿ ಕಚೇರಿಯಲ್ಲಿ ಭೇಟಿಯಾದವರ ಹಾಗೆ ಮರ್ಯಾದೆಯಿಂದ ಇದ್ದೆವು.

ಮೊದಲ ದಿನ, ನಕ್ಷೆ ಬರೆಯುವ ಕ್ಯಾಡ್ ಎಂಬ ಪ್ರೋಗ್ರಾಂ ತೆರೆದಾಗ ಕಂಡ ಪರದೆಯನ್ನು ಮರೆಯಲು ಸಾಧ್ಯವಿಲ್ಲ. ನಡುವೆ ಕಪ್ಪೋ ಕಪ್ಪು. ಇಡೀ ಜೀವನ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಎಳೆದವನಿಗೆ ಈಗ ಕಪ್ಪಿನ ಮೇಲೆ ಬಿಳಿ ಗೆರೆ. ಮೇಲೆ ಸಾಲಾಗಿ ಇಂಗ್ಲಿಷ್ ಪದಗಳು, ಅದರ ಕೆಳಗೆ ಎರಡು ಸಾಲು ಪುಟ್ಟಪುಟ್ಟ ಚಿತ್ರಗಳು, ಎಡಗಡೆ ಮತ್ತೆ ಉದ್ದಕ್ಕೆ ಚಿತ್ರಗಳು, ಎಡ ಮೂಲೆಯಲ್ಲಿ ಮೇಲಕ್ಕೊಂದು ಬಲಕ್ಕೊಂದು ಬಾಣ, ಕೆಳಗೆ ಬಿಳಿಯ ಪಟ್ಟಿಯಲ್ಲಿ ಎರಡು ಮೂರು ಸಾಲು ಬರಹ. ಟೀಚರ್ ಒಂದೊಂದರ ಹೆಸರನ್ನೂ ಹೇಳುತ್ತ ಹೋದರು. ಮೆನು ಬಾರ್, ಟೂಲ್ ಬಾರ್, ಸ್ಟೇಟಸ್ ಬಾರ್. ಹುಡುಗರು ತಲೆಯಾಡಿಸಿದರು. ನಾನೂ ಆಡಿಸಿದೆ. ನನಗೆ ಅರ್ಥವಾದದ್ದು ಬಾರ್ ಎಂಬ ಪದ ಮಾತ್ರ, ಅದೂ ತಪ್ಪಾಗಿ.

ನನ್ನ ಅವಸ್ಥೆ ಹೇಗಿತ್ತೆಂದರೆ, ಗೆರೆಯ ಚಿತ್ರ ಹುಡುಕಲು ಹೊರಟರೆ ಸಿಗುವಷ್ಟರಲ್ಲಿ ಯಾಕೆ ಹುಡುಕಿದೆ ಎಂಬುದು ಮರೆಯುತ್ತಿತ್ತು. ಒಮ್ಮೆ ಬರೆದ ಮನೆಯೇ ಮಾಯ. ಅಳಿಸಿಹೋಯಿತೆಂದು ಕಣ್ಣು ತುಂಬಿಬಂತು. ಟೀಚರ್ ಬಂದು ಜೂಮ್ ಎಂದು ಏನೋ ಒತ್ತಿದರು, ಮನೆ ಪುನಃ ಬಂತು. "ಎಲ್ಲಿಗೂ ಹೋಗಿಲ್ಲ ಸರ್, ನೀವು ಪಕ್ಕದ ಊರನ್ನು ನೋಡ್ತಾ ಇದ್ರಿ" ಎಂದರು. ಇನ್ನೊಮ್ಮೆ ಗೆರೆ ಎಳೆಯುತ್ತೇನೆ, ಎಳೆಯುತ್ತೇನೆ, ಅದು ನನ್ನ ಮೌಸಿಗೆ ಅಂಟಿಕೊಂಡು ಹಿಂದೆಯೇ ಬರುತ್ತದೆ, ಬಿಡುವುದೇ ಇಲ್ಲ.

"ಟೀಚರ್, ಇದು ನನ್ನನ್ನು ಬಿಡುವುದಿಲ್ಲ ಮಾರಾಯ್ರೇ."

"ಅದು ಕೇಳ್ತಾ ಉಂಟು ಸರ್, ಮುಂದಿನ ಬಿಂದು ಎಲ್ಲಿ ಅಂತ. ಕೆಳಗಿನ ಆ ಬಿಳಿ ಪಟ್ಟಿ, ಕಮಾಂಡ್ ಲೈನ್, ಅದನ್ನು ನೋಡಿ. ನೀವು ಕೆಳಗೆ ನೋಡುವುದೇ ಇಲ್ಲ, ಅಲ್ವಾ?"

ನಿಜ. ನಾನು ನೋಡುತ್ತಿರಲಿಲ್ಲ. ನೋಡಿದರೂ ಅದು ನನಗಲ್ಲ, ಯಂತ್ರ ತನ್ನಷ್ಟಕ್ಕೆ ಗೊಣಗುತ್ತಿರುವುದು ಎಂದುಕೊಂಡಿದ್ದೆ. ಮಳೆ ಜೋರಾಗಿ ಹೊಡೆಯುತ್ತಿತ್ತು, ತಿಂಗಳು ಸರಿಯುತ್ತಿತ್ತು. ಶೆಣೈಯವರು ದಿನಾ ಸಂಜೆ "ಹೇಗೆ ರಾಯರೇ?" ಎಂದು ಕೇಳುತ್ತಿದ್ದರು. "ನಡೀತಾ ಉಂಟು ಸರ್" ಎನ್ನುತ್ತಿದ್ದೆ. ಎಲ್ಲಿಗೆ ನಡೆಯುತ್ತಿದೆ ಎಂದು ಅವರು ಕೇಳದಿರುವುದು ನನ್ನ ಪುಣ್ಯ.

ಆಗ ಕಾರ್ಕಳದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಉಪನಯನ ಬಂತು. ಇಲ್ಲಿ ನನ್ನ ಹಿಂದಿನದು ಸ್ವಲ್ಪ ಹೇಳಬೇಕು. ನನ್ನ ತಂದೆ ಮದುವೆ, ಮುಂಜಿಯಂಥ ಜಂಬರಗಳಿಗೆ ಅಡುಗೆಗೆ ಹೋಗುತ್ತಿದ್ದವರು. ಓದುವ ವಯಸ್ಸಿನಲ್ಲಿ ರಜೆ ಬಂದರೆ ನಾನು ಅವರ ಜೊತೆ ಬಡಿಸಲು ಹೋಗುತ್ತಿದ್ದೆ. ಪಂಕ್ತಿಯಲ್ಲಿ ನೂರು ಎಲೆ ಹಾಕಿದ್ದರೂ ಕೈ ಎಲ್ಲಿಯೂ ತಡವರಿಸುತ್ತಿರಲಿಲ್ಲ. ಬಾಳೆಲೆಯ ಕೊಡಿ, ಎಂದರೆ ತುದಿ, ಉಣ್ಣುವವನ ಎಡಕ್ಕೆ. ತುದಿಯಲ್ಲಿ ಉಪ್ಪು, ಆಮೇಲೆ ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಬಲಕ್ಕೆ ಬರುತ್ತ ಪಲ್ಯಗಳು. ನಡುವೆ ಈಚೆ ಬದಿಯಲ್ಲಿ ಅನ್ನ. ಕಣ್ಣು ಮುಚ್ಚಿ ಬಡಿಸಿದರೂ ಉಪ್ಪು ಪಾಯಸದ ಜಾಗಕ್ಕೆ ಬೀಳುತ್ತಿರಲಿಲ್ಲ.

ಕಾರ್ಕಳದ ಆ ಪಂಕ್ತಿಯಲ್ಲಿ ಕೂತು ನನ್ನ ಎದುರಿನ ಎಲೆ ನೋಡುತ್ತಿದ್ದೆ. ಇನ್ನೂ ಅನ್ನ ಬಂದಿರಲಿಲ್ಲ. ಆಚೆ ಅಂಚಿನಲ್ಲಿ ಸಾಲಾಗಿ ಚೂರುಚೂರು ಬಡಿಸಿದ್ದಾರೆ, ಎಡಕ್ಕೆ ಉಪ್ಪು ಉಂಟು, ನಡುವೆ ದೊಡ್ಡ ಜಾಗ ಖಾಲಿ. ಇದನ್ನು ಎಲ್ಲಿಯೋ ನೋಡಿದ್ದೇನಲ್ಲ ಎನಿಸಿತು. ದಿನಾ ಮಣಿಪಾಲದಲ್ಲಿ ನೋಡುತ್ತಿರುವುದು ಇದನ್ನೇ. ಮೇಲಿನ ಸಾಲು ಪಲ್ಯ, ಕೋಸಂಬರಿ. ಎಡಗಡೆಯ ಗೆರೆ, ವೃತ್ತದ ಚಿತ್ರಗಳು ಉಪ್ಪು, ಉಪ್ಪಿನಕಾಯಿ. ನಡುವಿನ ಕಪ್ಪು ಜಾಗ ಅನ್ನಕ್ಕೆ. ಈಚೆ ಬದಿ, ನಾನು ಕೂತ ಕಡೆ, ಕಮಾಂಡ್ ಲೈನ್. ಅಲ್ಲಿ ಕೇಳುವುದು, ಹೇಳುವುದು. ಅಷ್ಟರಲ್ಲಿ ಅನ್ನ ಬಂತು, ಹಿಂದೆಯೇ ಇನ್ನೊಬ್ಬ ಬಡಿಸುವವನು ಬಾಗಿ, "ಎಂತ ಹಾಕಲಿ ರಾಯರೇ, ಸಾರಾ ಹುಳಿಯಾ?" ಎಂದ. ಕೆಳಗಿನ ಸಾಲಿನಲ್ಲಿ ಆ ಯಂತ್ರ ಇಷ್ಟು ದಿನ ನನ್ನನ್ನು ಕೇಳುತ್ತಿದ್ದದ್ದೂ ಇದನ್ನೇ. ನಾನು ಉತ್ತರ ಕೊಡದೆ ಎಲೆಯ ಮುಂದೆ ಪೆದ್ದನಂತೆ ಕೂತಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ಪಕ್ಕದವರು ನೀರು ಕೊಟ್ಟರು.

ಮರುದಿನ ಇದನ್ನು ಲವೀನಾ ಟೀಚರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಗಂಭೀರವಾದರು.

"ಹಾಗಾದರೆ ಸರ್, ಲೇಯರಿನ ಚಿತ್ರ ಎಲ್ಲಿ?"

"ಪಲ್ಯದ ಸಾಲಿನ ಕೆಳಗಿನ ಸಾಲು, ಎಡದಿಂದ ಶುರು."

"ಜೂಮ್?"

"ಮೇಲಿನ ಸಾಲು, ಬಲಗಡೆ, ಹೋಳಿಗೆಯ ಹತ್ತಿರ."

ಮೌಸ್ ಹಿಡಿಯದೆ, ಪರದೆ ನೋಡದೆ ಎಲ್ಲವನ್ನೂ ಹೇಳಿದೆ. ಟೀಚರ್ ಒಂದು ಮಾತು ಸೇರಿಸಿದರು. ಅದು ಆಮೇಲೆ ನನ್ನನ್ನು ಉಳಿಸಿತು. "ಸರ್, ಈ ಚಿತ್ರಗಳೆಲ್ಲ ನೆನಪಿಗೆ ಮಾತ್ರ. ಚಿತ್ರ ಇಲ್ಲದಿದ್ದರೂ ಕೆಳಗೆ ಹೆಸರು ಟೈಪ್ ಮಾಡಿ ಕೇಳಿದರೆ ಅದು ಕೊಡ್ತದೆ. ಗೆರೆ ಬೇಕಾದರೆ ಎಲ್ ಎಂಬ ಒಂದು ಅಕ್ಷರ ಸಾಕು."

ಅಲ್ಲಿಂದ ಕಲಿಕೆ ಸಲೀಸಾಯಿತು. ಸಲೀಸಾದಾಗಲೇ ಮನುಷ್ಯ ಜಾರುವುದು. ಆಫೀಸಿನ ಕಂಪ್ಯೂಟರಿನಲ್ಲಿ ಕಾಪುವಿನ ಒಂದು ಅಂಗಡಿ ಕಟ್ಟಡದ ನಕ್ಷೆಯನ್ನು ಬೆಳಿಗ್ಗೆಯಿಂದ ಕೂತು ಪೂರ್ತಿ ಮಾಡಿದೆ. ಶಟರು, ಮೆಟ್ಟಿಲು, ಅಳತೆ ಎಲ್ಲ ಚೊಕ್ಕ. ಮುಚ್ಚಲು ಹೋದಾಗ ಪರದೆಯ ನಡುವೆ ಒಂದು ಸಣ್ಣ ಪೆಟ್ಟಿಗೆ ಬಂದು ಏನೋ ಕೇಳಿತು. ಯೆಸ್, ನೋ. ಈಗ ನೀವೇ ಯೋಚಿಸಿ. ಊಟ ಮುಗಿಯುವ ಹೊತ್ತಿಗೆ ಯಾರಾದರೂ ಬಂದು ಬೇಕೋ ಬೇಡವೋ ಎಂದು ಕೇಳಿದರೆ ಮರ್ಯಾದಸ್ಥ ಏನು ಹೇಳುತ್ತಾನೆ? ಹೊಟ್ಟೆಯಲ್ಲಿ ಜಾಗ ಇದ್ದರೂ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡ, ಸಾಕು ಎನ್ನುತ್ತಾನೆ. ನಾನು ಪೂರ್ತಿ ಓದದೆ, ಸಂಕೋಚದಿಂದ, ನೋ ಒತ್ತಿದೆ. ಅದು ಕೇಳಿದ್ದು ಬರೆದದ್ದನ್ನು ಉಳಿಸಿಕೊಳ್ಳಲೋ ಎಂದು.

ಶೆಣೈಯವರು ಸಂಜೆ ತೆರೆದು ನೋಡಿದರೆ ಅಂಗಡಿಯೂ ಇಲ್ಲ, ಮೆಟ್ಟಿಲೂ ಇಲ್ಲ. ನಾನು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಸಿಟ್ಟಿನಿಂದಲೋ ನಗುವಿನಿಂದಲೋ ತಿಳಿಯಲಿಲ್ಲ.

"ರಾಯರೇ, ಬೋರ್ಡಿನಲ್ಲಿ ಬರೆದದ್ದು ಮಳೆಗೆ ಹಾಳಾದದ್ದು ಉಂಟು, ಇಲಿ ತಿಂದದ್ದು ಉಂಟು. ಮರ್ಯಾದೆಯಿಂದ ಹಾಳಾದದ್ದು ಇದೇ ಮೊದಲು" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಮಣಿಪಾಲದ ಒಬ್ಬನನ್ನು ನೋಡಿಟ್ಟಿದ್ದೇನೆ. ನವರಾತ್ರಿಯವರೆಗೆ ಕಾಯ್ತೇನೆ" ಎಂದರು. ಆ ಮಾತಿನಲ್ಲಿ ನಗು ಇರಲಿಲ್ಲ. ನಾನು ಅಂಗಡಿಯನ್ನು ಮತ್ತೆ ಮೊದಲಿನಿಂದ ಬರೆದೆ.

ನವರಾತ್ರಿಗೆ ಸ್ವಲ್ಪ ಮೊದಲು ಶಿರ್ವದ ಫೆಲಿಕ್ಸ್ ಬಂದರು. ಕುವೈಟಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದವರು, ಎರಡು ಮಾಳಿಗೆಯ ಮನೆ ಕಟ್ಟಿಸುವವರಿದ್ದರು. ಅದರ ನಕ್ಷೆಯನ್ನು ನಾನು ಕಂಪ್ಯೂಟರಿನಲ್ಲಿಯೇ ಬರೆದಿದ್ದೆ. ಅವರು ಬರುವ ಹಿಂದಿನ ದಿನ ಕಂಪ್ಯೂಟರ್ ಕೈಕೊಟ್ಟು, ರಿಪೇರಿಯವರು ಬಂದು ಎಲ್ಲವನ್ನೂ ಹೊಸದಾಗಿ ಹಾಕಿ ಹೋಗಿದ್ದರು. ನಕ್ಷೆ ಫ್ಲಾಪಿಯಲ್ಲಿ ಕ್ಷೇಮವಾಗಿತ್ತು. ಉಳಿದದ್ದು ಹೇಗಿದೆ ಎಂದು ನಾನು ನೋಡಿರಲಿಲ್ಲ.

ಫೆಲಿಕ್ಸ್ ತಮ್ಮ ತಾಯಿಯನ್ನೂ ಕರೆತಂದಿದ್ದರು, ನಾವೆಲ್ಲ ಬಾಯಮ್ಮ ಎನ್ನುತ್ತಿದ್ದವರು. ನಮ್ಮ ಮೆಟ್ಟಿಲು ಹತ್ತಿ ಬಾಯಮ್ಮನಿಗೆ ಏದುಸಿರು. ನೀರು ಕೊಟ್ಟು ಕೂರಿಸಿದೆವು. ಫೆಲಿಕ್ಸ್ ಹೇಳಿದರು: "ಶೆಣೈ ಮಾಮಾ, ನಾಡಿದ್ದು ನನ್ನ ಫ್ಲೈಟ್. ಅಮ್ಮ ಒಂದು ಮಾತು ಹೇಳ್ತಾರೆ. ಅದನ್ನು ಇವತ್ತೇ ಮಾಡಿ ತೋರಿಸಿದರೆ ಒಪ್ಪಿಗೆ. ಇಲ್ಲದಿದ್ದರೆ ನನಗೆ ಮುಂದಿನ ವರ್ಷವೇ."

ಬಾಯಮ್ಮ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿ ಹೇಳಿದರು: "ನನ್ನ ಕೋಣೆಯ ಬಾಗಿಲು ಅಡುಗೆಮನೆ ಕಡೆಗೆ ಇಟ್ಟಿದ್ದೀರಿ. ನಾನು ಇನ್ನೂ ಅಡುಗೆಮನೆ ನೋಡ್ಕೊಂಡೇ ಇರಬೇಕಾ? ನನಗೆ ಎದುರಿನ ಜಗಲಿಗೆ, ಆ ಸಿಟೌಟಿಗೆ, ಬಾಗಿಲು ಬೇಕು. ರಸ್ತೆಯಲ್ಲಿ ಇಗರ್ಜಿಗೆ ಹೋಗುವವರನ್ನು ಕಂಡು ನಾಲ್ಕು ಮಾತಾಡಬೇಕು."

ಶೆಣೈಯವರು ನನ್ನ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಕುರ್ಚಿಯಲ್ಲಿ ಕೂತು ಕ್ಯಾಡ್ ತೆರೆದೆ. ಎಡಗಡೆಯ ಚಿತ್ರಗಳಿಲ್ಲ, ಮೇಲಿನ ಎರಡು ಸಾಲುಗಳೂ ಇಲ್ಲ. ಉಪ್ಪಿಲ್ಲ, ಪಲ್ಯವಿಲ್ಲ, ಬರೀ ಎಲೆ. ನಡುವೆ ಕಪ್ಪು ಜಾಗ, ಕೆಳಗೆ ಕಮಾಂಡ್ ಲೈನ್, ಅಷ್ಟೆ. ಟೂಲ್ ಬಾರುಗಳನ್ನು ಮರಳಿ ತರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಬೆನ್ನ ಹಿಂದೆ ಮೂರು ಜನ.

"ಎಂತ ಆಯಿತು ರಾಯರೇ?" ಎಂದರು ಶೆಣೈ.

"ಎಂತ ಇಲ್ಲ ಸರ್. ಬಡಿಸಿಲ್ಲ. ಕೇಳಿ ಹಾಕಿಸಿಕೊಳ್ತೇನೆ."

ನಕ್ಷೆ ತೆರೆದೆ. ಕೆಳಗಿನ ಸಾಲಿನಲ್ಲಿ ಜೂಮ್ ಎಂದು ಬರೆದೆ, ಬಾಯಮ್ಮನ ಕೋಣೆ ದೊಡ್ಡದಾಗಿ ಬಂತು. ಎರೇಸ್ ಎಂದೆ. ಯಾವುದನ್ನು ಎಂದು ಕೇಳಿತು, ಹಳೆಯ ಬಾಗಿಲನ್ನು ತೋರಿಸಿದೆ, ಹೋಯಿತು. ಎಲ್ ಎಂದೆ, ಗೆರೆ ಕೊಟ್ಟಿತು, ತೆರೆದಿದ್ದ ಗೋಡೆ ಮುಚ್ಚಿದೆ. ಟ್ರಿಮ್ ಎಂದು ಸಿಟೌಟಿನ ಗೋಡೆ ಕತ್ತರಿಸಿ ಬಾಗಿಲು ಕೂರಿಸಿದೆ. ಅದು ಕೇಳುತ್ತ ಹೋಯಿತು, ನಾನು ಹೇಳುತ್ತ ಹೋದೆ.

ಬಾಯಮ್ಮ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು. "ಇದು ತೆರೆದರೆ ಇಲ್ಲಿ ಬರ್ತದಲ್ಲ. ಇಲ್ಲಿ ನನ್ನ ಕುರ್ಚಿ. ತಾಗ್ತದೆ."

ಬಾಗಿಲು ಹೊರಗೆ ತೆರೆಯುವ ಹಾಗೆ ಬರೆದಿದ್ದೆ, ಅದೂ ಅವರ ಕುರ್ಚಿಯ ಬದಿಗೆ. ಹಾಳೆಯಲ್ಲಾಗಿದ್ದರೆ ಎರಡನೇ ಸಲ ಕೆರೆಯಬೇಕಿತ್ತು, ತೂತು ಖಂಡಿತ. ಮಿರರ್ ಎಂದು ಬರೆದೆ. ಹಳೆಯದನ್ನು ಅಳಿಸಲೋ ಎಂದು ಕೇಳಿತು. ಈ ಸಲ ಪೂರ್ತಿ ಓದಿದೆ, ಹೌದು ಎಂದೆ. ಬಾಗಿಲು ಮಗುಚಿ ಒಳಗೆ, ಕೋಣೆಯ ಗೋಡೆಗೆ ಒರಗಿ ತೆರೆದುಕೊಂಡಿತು.

"ಕೆರೆಯಲೇ ಇಲ್ಲ ಅಲ್ವಾ ನೀವು" ಎಂದರು ಬಾಯಮ್ಮ. ಅವರ ಹಳೆಯ ಮನೆಯ ನಕ್ಷೆಯೂ ನನ್ನದೇ. ಅವರಿಗೆ ನನ್ನ ಬ್ಲೇಡಿನ ನೆನಪಿತ್ತು.

ದೊಡ್ಡ ಹಾಳೆಗೆ ಇಳಿಸುವ ಪ್ಲಾಟರ್ ನಮ್ಮಲ್ಲಿ ಇರಲಿಲ್ಲ, ಮಣಿಪಾಲಕ್ಕೆ ಒಯ್ಯಬೇಕಿತ್ತು. ಅದಕ್ಕಾಗಿ ನಕ್ಷೆ ಮುಚ್ಚಲು ಹೋದೆ. ಆ ಪೆಟ್ಟಿಗೆ ಬಂತು. ಯೆಸ್, ನೋ. ಶೆಣೈಯವರ ಕೈ ನನ್ನ ಭುಜದ ಮೇಲೆ ಬಿತ್ತು, ಗಟ್ಟಿಯಾಗಿ. ನಾನು ಯೆಸ್ ಒತ್ತಿದ ಮೇಲೂ ಸ್ವಲ್ಪ ಹೊತ್ತು ಆ ಕೈ ಅಲ್ಲಿಯೇ ಇತ್ತು. ಫೆಲಿಕ್ಸ್ ತಾಯಿಯನ್ನು ಕರೆದುಕೊಂಡು ಇಳಿದ ಮೇಲೆ ಶೆಣೈಯವರು ಮಣಿಪಾಲಕ್ಕೆ ಫೋನ್ ಮಾಡಿ, "ಬೇಡ ಮಾರಾಯ, ನಮ್ಮಲ್ಲಿ ಜನ ಇದ್ದಾರೆ" ಎಂದರು. ನಾನು ಫ್ಲಾಪಿಯನ್ನು ಅಂಗಿಯ ಕಿಸೆಗೆ ಹಾಕಿ ಬಸ್ಸಿಗೆ ಓಡಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯವಳು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಹೊಸ ಪದ್ಧತಿಯಲ್ಲಿ ಎಲ್ಲವೂ ಚೆನ್ನ ಎಂದೇನೂ ಅಲ್ಲ. ಶಿರ್ವದ ಮನೆಯ ಕೆಲಸಕ್ಕೆ ಬಂದ ಮೇಸ್ತ್ರಿ ಹನುಮಂತಪ್ಪ ಬಾಗಲಕೋಟೆ ಕಡೆಯವ. ನನ್ನ ಹಳೆಯ ನಕ್ಷೆಗಳಲ್ಲಿ ಬಹಳ ಮನೆ ಕಟ್ಟಿದವ. ಪ್ಲಾಟರಿನ ಹಾಳೆ ಬಿಡಿಸಿ ನೋಡಿ, "ಎಲ್ಲಾ ಗೆರಿ ಒಂದ ನಮೂನಿ ಅದಾವಲ್ರೀ ಸಾಹೇಬ್ರ. ಯಾವ ಗ್ವಾಡಿಗೆ ನಿಮಗ ಅನುಮಾನ ಐತಿ, ಯಾವುದಕ್ಕ ಇಲ್ಲ ಅಂತ ಹೆಂಗ ತಿಳೀಬೇಕ್ರೀ?" ಎಂದ. ಕೈಯಲ್ಲಿ ಬರೆಯುವಾಗ ಅನುಮಾನ ಇದ್ದ ಕಡೆ ನನ್ನ ಗೆರೆ ತೆಳುವಾಗುತ್ತಿತ್ತಂತೆ. ಅಷ್ಟು ವರ್ಷ ಅದು ನನಗೇ ತಿಳಿದಿರಲಿಲ್ಲ. ಅಂದಿನಿಂದ ಅನುಮಾನ ಇದ್ದಲ್ಲಿ ಒಂದು ಸಣ್ಣ ವೃತ್ತ ಹಾಕಿ, 'ಸೈಟಿನಲ್ಲಿ ಕೇಳಿ' ಎಂದು ಬರೆಯತೊಡಗಿದೆ. ನೀವೂ ಹಾಗೆ ಮಾಡಿ. ಯಂತ್ರಕ್ಕೆ ಅನುಮಾನ ಬರುವುದಿಲ್ಲ, ನಮಗೆ ಬರಬೇಕು.

ಆಮೇಲೆ ಪರದೆ ಎಷ್ಟೋ ಸಲ ಬದಲಾಯಿತು. ನಾನು ಹೊರಬೀಳುವ ಹೊತ್ತಿಗೆ ಮೇಲಿನ ಸಾಲುಗಳೆಲ್ಲ ಹೋಗಿ ರಿಬ್ಬನ್ ಎಂಬ ದಪ್ಪ ಪಟ್ಟಿ ಬಂದಿತ್ತು. ಹೊಸದು ಬಂದಾಗಲೆಲ್ಲ ಒಂದು ವಾರ ಗೊಣಗಿ, ಆಮೇಲೆ ಯಾವುದು ಎಲ್ಲಿ ಎಂದು ಎಲೆಯ ಲೆಕ್ಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಕೆಳಗಿನ ಸಾಲು ಮಾತ್ರ ಕೆಳಗೇ ಇತ್ತು. ನಿಮ್ಮ ಪರದೆಯಲ್ಲಿ ಏನೇ ಕಾಣೆಯಾದರೂ ಗಾಬರಿಯಾಗಬೇಡಿ, ಅದು ಏನು ಕೇಳುತ್ತಿದೆ ಎಂದು ಕೆಳಗೆ ನೋಡಿ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗಿ, ಶಿರ್ವದ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ. ಶೆಣೈಯವರಿಗೂ ನನಗೂ ಸಸ್ಯಾಹಾರದ ಊಟ ಬೇರೆಯಾಗಿ, ಎಲೆಯಲ್ಲಿ, ಸಿಟೌಟಿನಲ್ಲಿಯೇ ಬಡಿಸಿದ್ದರು. ಎಲೆ ಹಾಕಿದವರು ಮನೆಯ ಹುಡುಗರು. ಕೊಡಿ ಬಲಕ್ಕಿತ್ತು, ಉಪ್ಪು ಎಲ್ಲಿಯೋ, ಪಲ್ಯ ಎಲ್ಲಿಯೋ. ಒಂದು ವರ್ಷ ಹಿಂದೆ ಆಗಿದ್ದರೆ ನನ್ನ ಕೈ ತಾನಾಗಿ ಎಲೆಯನ್ನು ತಿರುಗಿಸುತ್ತಿತ್ತು. ಈಗ ಸುಮ್ಮನೆ ಕೂತು, ಬೇಕಾದ್ದನ್ನು ಹೆಸರು ಹೇಳಿ ಕೇಳಿ ಉಂಡೆ. ರಸ್ತೆಯಲ್ಲಿ ಹೋಗುವವರೆಲ್ಲ ಬಾಯಮ್ಮನನ್ನು ಮಾತಾಡಿಸಿ ಹೋಗುತ್ತಿದ್ದರು. ಅವರು ತಮ್ಮ ಕುರ್ಚಿಯಿಂದ ಎದ್ದು ಕೋಣೆಯ ಬಾಗಿಲು ತಳ್ಳಿದರು. ಅದು ಒಳಗೆ, ಗೋಡೆಗೆ ಒರಗಿ ತೆರೆದುಕೊಂಡಿತು, ಕುರ್ಚಿಗೆ ತಾಗಲಿಲ್ಲ. ನಾನು ಉಣ್ಣುವುದನ್ನು ಬಿಟ್ಟು ಅದನ್ನೇ ನೋಡಿದೆ.

ಒಳಗಿನಿಂದ ಬಾಯಮ್ಮ ಪಾಯಸದ ಪಾತ್ರೆ ಹಿಡಿದು ಬಂದು ನನ್ನ ಎಲೆಯ ಮುಂದೆ ಬಾಗಿದರು.

"ರಾಯರೇ, ಇನ್ನು ಸ್ವಲ್ಪ?"

ಹೊಟ್ಟೆಯಲ್ಲಿ ಜಾಗ ಇತ್ತು. ಆದರೂ ಎರಡೂ ಕೈ ಎಲೆಯ ಮೇಲೆ ಅಡ್ಡ ಹೋದವು. ಬೇಡ ಎಂಬ ಪದ ಬಾಯಿಯವರೆಗೆ ಬಂದಿತ್ತು. ಪಕ್ಕದ ಎಲೆಯಿಂದ ಶೆಣೈಯವರು ತಲೆ ಎತ್ತದೆ ಹೇಳಿದರು:

"ರಾಯರೇ, ಪೆಟ್ಟಿಗೆ ಬಂದಿದೆ. ಓದಿ ಒತ್ತಿ."

ನಾನು ಕೈ ತೆಗೆದೆ. ಬಾಯಮ್ಮ ಎರಡು ಸೌಟು ಬಡಿಸಿದರು.